ರಿವರ್ಸ್ ಹಾಕದ ಮಾವ

ನಮ್ಮ ಸೋದರಮಾವ ಕಾರು ಕೊಂಡದ್ದು ತಿರುಗಾಡಲಿಕ್ಕಲ್ಲ, ಬಾಗಿಲು ಹಾಕಿಕೊಂಡು ಭಜನೆ ಕೇಳಲಿಕ್ಕೆ ಎಂದರೆ ನೀವು ನಂಬಲಿಕ್ಕಿಲ್ಲ. ಜಮಖಂಡಿಯಲ್ಲಿ ಯಾರನ್ನಾದರೂ ಕೇಳಿ ನೋಡಿ! ಶೋರೂಮಿನಲ್ಲಿ ಎಲ್ಲರೂ ಮೈಲೇಜು ಕೇಳಿದರೆ ಇವರು ಜೇಬಿನಿಂದ ಕ್ಯಾಸೆಟ್ ತೆಗೆದು, "ಇದನ್ನ ಎಲ್ಲಿ ತುರಕಬೇಕ್ರಿ?" ಎಂದರು. ಮಾರುವವರು ಅದನ್ನು ತಿರುವಿಮುರುವಿ ನೋಡಿ, "ಈಗಿನ ಗಾಡಿಗೆ ಇದು ಬರೂದಿಲ್ರಿ ಸರ್" ಎಂದರು. "ಮತ್ತ ಇಷ್ಟ ದೊಡ್ಡ ಟಿವಿ ಯಾಕ ಕುಂದ್ರಿಸೀರಿ?" ಎಂದು ಮಾವ ಅವರನ್ನೇ ತರಾಟೆಗೆ ತೆಗೆದುಕೊಂಡರು.

ಆ ಕ್ಯಾಸೆಟ್ಟುಗಳು ಅಂಗಡಿಯಿಂದ ತಂದವಲ್ಲ. ಬ್ಯಾಂಕಿನ ನೌಕರಿ ಸಿಕ್ಕ ಹೊಸದರಲ್ಲಿ ಮಾವ ಟೇಪ್ ರೆಕಾರ್ಡರ್ ಕೊಂಡು, ಬನಹಟ್ಟಿಯ ಮನೆಯ ಪಡಸಾಲೆಯಲ್ಲಿ ಗೆಳೆಯರ ಭಜನೆಯನ್ನು ತಾವೇ ತುಂಬಿಸಿಕೊಂಡದ್ದು. ಪಕ್ಕದಲ್ಲೇ ಮಾವನ ತಾಯಿಯ, ಅಂದರೆ ನಮ್ಮ ಆಯಿಯ ಕೈಮಗ್ಗ. ಸೀರೆ ಮುಗಿಯಬೇಕಲ್ಲ, ಭಜನೆ ಎಂದು ಮಗ್ಗ ನಿಲ್ಲಿಸುವವಳೇ ಅವಳು? ಹೀಗಾಗಿ ಪ್ರತಿ ಹಾಡಿನ ಹಿಂದೆಯೂ ಖಟಕ್ ಖಟಕ್! ಈಗ ಆಯಿಯೂ ಇಲ್ಲ, ಮಗ್ಗವೂ ಇಲ್ಲ.

ಕೊನೆಗೆ ನಾನೇ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಟ್ಟೆ. ಕಾರು ಹಾಡಿತು. ಆದರೆ ರಿವರ್ಸ್ ಗೇರು ಹಾಕಿದ ಕೂಡಲೇ ಬಾಯಿ ಮುಚ್ಚುವುದು ಅದರ ಜಾಯಮಾನ. ಮಾವ ರಿವರ್ಸ್ ಹಾಕುವುದನ್ನೇ ಬಿಟ್ಟರು! ಒಮ್ಮೆ ಮಹಾಲಿಂಗಪುರದ ಪೇಟೆಯ ಸಂದಿಯಲ್ಲಿ ಎದುರಿಗೆ ಬೆಲ್ಲ ಹೇರಿದ ಟ್ರ್ಯಾಕ್ಟರ್ ಬಂದು ನಿಂತಿತು. ಹಿಂದೆ ಸರಿಯಬೇಕಾದವರು ನಾವು.

"ಯಜಮಾನ್ರ, ಗಾಡಿ ಹಿಂದ ತಗೋರಿ."

"ತಡಿಯಪಾ, ಪದಾ ಮುಗೀಲಿ," ಎಂದರು ಮಾವ.

"ಎಷ್ಟೊತ್ತರಿ?"

"ಈಗ ಇನ್ನ ಪಲ್ಲವಿ ಹಿಡದಾರ."

ಟ್ರ್ಯಾಕ್ಟರಿನವ ಇಳಿದು ಹೋಗಿ ಚಹಾ ಕುಡಿದು ಬಂದ. ನಾನು ಪಕ್ಕದ ಸೀಟಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದೆ.

ಮುಂದಿನ ವಾರ ನನ್ನ ಬುದ್ಧಿವಂತಿಕೆ ಎಚ್ಚರವಾಯಿತು. ಹಾಡಿಗೆ ಅಡ್ಡ ಬರುವ ಆ ಖಟಕ್ ಖಟಕ್ ಅನ್ನು ಕಂಪ್ಯೂಟರ್ ಅಂಗಡಿಯಲ್ಲಿ ತೆಗೆಸಿ, ಹಳೆಯದನ್ನು ಅಳಿಸಿ, ತಿಳಿನೀರಿನಂಥ ಭಜನೆ ತುಂಬಿಸಿಕೊಂಡು ಬಂದೆ. ಮುಧೋಳದ ಹಾದಿಯಲ್ಲಿ ಹಚ್ಚಿದೆವು. ಸ್ಟೇರಿಂಗಿನ ಮೇಲೆ ತಾಳ ಹಾಕಲು ಎತ್ತಿದ ಮಾವನ ಬೆರಳು ಹಾಗೇ ನಿಂತಿತು. ಕಾರು ಕಬ್ಬಿನ ಹೊಲದ ಪಕ್ಕ ನಿಂತಿತು.

"ಅವ್ವ ಎಲ್ಲಿ ಹೋದಳಲೇ?"

ನಾನು ಹಿಂದಿನ ಸೀಟಿನತ್ತ ತಿರುಗಿ ನೋಡಿದೆ.

"ಮಾತಾಡಬೇ ಅಂತ ಆಕೀ ಮುಂದ ಎಷ್ಟ ಸಲ ಟೇಪ್ ಹಿಡದೇನಿ. ನಾಚಿಕೊಂಡು ಒಂದ ಮಾತೂ ಆಡಲಿಲ್ಲ. ಆಕೀದು ಅಂತ ಉಳದದ್ದು ಆ ಮಗ್ಗದ ಸಪ್ಪಳ ಒಂದ. ನಾ ಎಲ್ಲಿ ಭಜನಿ ಕೇಳತಿದ್ದೆ?"

ಅಂದು ಸಂಜೆಯೇ ಹಳೆಯ ಕ್ಯಾಸೆಟ್ಟುಗಳನ್ನು ಒಯ್ದು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಮತ್ತೆ ತುಂಬಿಸಿಕೊಂಡು ಬಂದೆ.

ಮೊನ್ನೆ ಅದೇ ಪೇಟೆ, ಅದೇ ಸಂದಿ, ಮತ್ತೊಂದು ಟ್ರ್ಯಾಕ್ಟರು. ಅದರ ಡ್ರೈವರ್ ಹಾರ್ನ್ ಹೊಡೆದೇ ಹೊಡೆದ. ಮಾವ ಕಣ್ಣು ಮುಚ್ಚಿ ಸ್ಟೇರಿಂಗಿನ ಮೇಲೆ ಖಟಕ್ ಖಟಕ್ ಬೆರಳಾಡಿಸುತ್ತಿದ್ದರು. ಈ ಸಲ ನಾನೇ ಕೆಳಗಿಳಿದು ಹೋದೆ.

"ಸ್ವಲ್ಪ ತಡೀರಿ ಅಣ್ಣಾರ," ಎಂದೆ. "ಒಳಗ ನಮ್ಮ ಆಯಿ ಸೀರಿ ನೇಯಾಕತ್ತಾಳ."