ನಾನೇ ಬರೆದ ನನ್ನ ಸನ್ಮಾನ ಪತ್ರಕ್ಕೆ

ನಮ್ಮ ಮನೆಯ ಗೋಡೆಯ ಮೇಲೆ, ಕ್ಯಾಲೆಂಡರಿನ ಬಲಕ್ಕೆ, ಗಾಜಿನ ಚೌಕಟ್ಟಿನಲ್ಲಿ ವಿರಾಜಮಾನರಾಗಿರುವ ಮಾನ್ಯ ಸನ್ಮಾನ ಪತ್ರದವರೇ,

ತುಕ್ಕಾನಟ್ಟಿಯ ಸಂಘಮಿತ್ರಾ ಹೊಳೆಪ್ಪ ಕಾಂಬಳೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬುದು ಬರೀ ಬರವಣಿಗೆಯ ಮಾತು. ಹುಟ್ಟಿನಿಂದ ಎಡಗಾಲು ಸೊಂಟದ ಬಳಿ ಮಡಚದ ನನಗೆ ಅದು ಆಗದ ಕೆಲಸ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಾನು ಸುಮ್ಮನೆ ಬರೆದದ್ದನ್ನು ಜನ ನಂಬಿದರೆ ಏನಾಗುತ್ತದೆಂದು ತಮ್ಮಿಂದಲೇ ಕಲಿತಿದ್ದೇನೆ.

ತಮ್ಮ ಜನ್ಮವೃತ್ತಾಂತವನ್ನು ನೆನಪಿಸಲು ಅಪ್ಪಣೆಯಾಗಲಿ. ಮೂಡಲಗಿಯಲ್ಲಿ ತಹಶೀಲ್ದಾರರ ಕಚೇರಿಯ ಎದುರಿಗಿರುವ ಸನ್ಮತಿ ಕಾಕಾ ಅವರ ಝೆರಾಕ್ಸ್ ಅಂಗಡಿಯಲ್ಲಿ ಕುಳಿತು ನಾನು ಊರವರ ಪಿಂಚಣಿ ಅರ್ಜಿಗಳನ್ನು ಟೈಪ್ ಮಾಡುತ್ತೇನೆ. ನನ್ನ ಅಂಗವಿಕಲರ ಪಿಂಚಣಿ, ಸರ್ಕಾರದ ಆರೋಗ್ಯ ಕಾರ್ಡುಗಳ ಅರ್ಜಿಯನ್ನೂ ನಾನೇ ಟೈಪ್ ಮಾಡಿದ್ದೆ. ಹೋದ ಡಿಸೆಂಬರಿನಲ್ಲಿ ಊರಿನ ಸಂಘವೊಂದು ನನ್ನನ್ನು ಸನ್ಮಾನಿಸಲು ನಿಶ್ಚಯಿಸಿತು. ನಮ್ಮ ಕಡೆ ಶಾಲು, ಹಾರ, ಪತ್ರ ಇಲ್ಲದೆ ಸನ್ಮಾನ ಇಲ್ಲ, ಪತ್ರದ ಆರ್ಡರು ನಮ್ಮ ಅಂಗಡಿಗಲ್ಲದೆ ಬೇರೆಡೆ ಹೋಗುವುದೂ ಇಲ್ಲ. "ನಿಂದು ನೀನ ಬರಕೋ ಮಗಳ, ಮಂದಿಗೆಲ್ಲ ಅಷ್ಟ ಹೊಗಳಿ ಬರೀತಿ, ನಿನಗ್ಯಾಕ ಕಡಿಮಿ ಮಾಡ್ಕೋತಿ?" ಎಂದರು ಕಾಕಾ.

ನಾನು ಕಡಿಮೆ ಮಾಡಿಕೊಳ್ಳಲಿಲ್ಲ. ಹಿಂದೆ ಹಾಲಿನ ಡೇರಿಯ ಕಾರ್ಯದರ್ಶಿಗೆ 'ಕಲಿಯುಗದ ಕರ್ಣ' ಎಂದು ಬರೆದಿದ್ದೆ, ಕವಚ ಕುಂಡಲ ಎಲ್ಲಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಅದೇ ಧೈರ್ಯದ ಮೇಲೆ 'ಅಂಗವೈಕಲ್ಯವನ್ನು ಮೆಟ್ಟಿ ನಿಂತು, ಯಾರ ಹಂಗೂ ಇಲ್ಲದೆ, ಸ್ವಂತ ದುಡಿಮೆಯಿಂದ ಇಡೀ ಮನೆತನವನ್ನು ಸಲಹುತ್ತಿರುವ ಸ್ವಾವಲಂಬನೆಯ ಸಾಕಾರಮೂರ್ತಿ' ಎಂದು ತಮ್ಮ ಎದೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿದೆ. ಮುಖ್ಯ ಅತಿಥಿಗಳಾಗಿ ಬಂದಿದ್ದ ಕಚೇರಿಯ ಸಾಹೇಬರು ಅದನ್ನು ಗದ್ಗದಿತರಾಗಿ ಓದಿದರು. ನಮ್ಮವ್ವ ಗುಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಖರೆ ಹೇಳಬೇಕೆಂದರೆ, ನನಗೂ ಅಳು ಬಂತು.

ಈ ವರ್ಷ ಪಿಂಚಣಿದಾರರ ಮರುಪರಿಶೀಲನೆ ಬಂದಾಗ ಅದೇ ಸಾಹೇಬರಿಗೆ ತಮ್ಮ ನೆನಪಾಯಿತು. ನನ್ನ ಫೈಲಿನಲ್ಲಿ ತಮ್ಮ ಭಾವಚಿತ್ರ ಸೇರಿತು, 'ಮೆಟ್ಟಿ ನಿಂತು' ಮತ್ತು 'ಸ್ವಂತ ದುಡಿಮೆ' ಎಂಬಲ್ಲಿ ಕೆಂಪು ಗೆರೆ ಬಿತ್ತು, ಪಿಂಚಣಿ ನಿಂತಿತು, ಆರೋಗ್ಯ ಕಾರ್ಡು 'ಪರಿಶೀಲನೆಯಲ್ಲಿದೆ' ಎಂದಾಯಿತು. ಬೆಳಗಾವಿಗೆ ಮೂರು ಸಲ ಬಸ್ಸು ಹತ್ತಿಳಿದು ತಂದ ವೈದ್ಯರ ಪ್ರಮಾಣಪತ್ರವನ್ನು ಪ್ರತಿವರ್ಷ ಅನುಮಾನದಿಂದ ತಿರುವಿ ನೋಡುವವರು ತಮ್ಮನ್ನು ಒಂದೇ ಓದಿಗೆ ನಂಬಿದ್ದಾರೆಂದರೆ ತಮ್ಮ ಮಹಿಮೆಯನ್ನು ಏನೆಂದು ಬಣ್ಣಿಸಲಿ!

ಮುಂದಿನ ತಿಂಗಳು ಹದಿನಾಲ್ಕಕ್ಕೆ ಗೋಕಾಕಿನ ಆಸ್ಪತ್ರೆಯಲ್ಲಿ ನನ್ನ ಸೊಂಟದ ಕೀಲಿನ ಆಪರೇಷನ್ ಇದೆ. ಕಾರ್ಡಿದ್ದರೆ ಪುಕ್ಕಟೆ; ಇಲ್ಲದಿದ್ದರೆ ಕಾಕಾ ಕೊಡುವ ಪಗಾರವನ್ನು ವರ್ಷಗಟ್ಟಲೆ ಕೂಡಿಟ್ಟರೂ ಸಾಲದು. ಈಗ ಮಾಡಿಸದಿದ್ದರೆ ಬರುವ ವರ್ಷ ಅಂಗಡಿಯ ಮೂರು ಮೆಟ್ಟಿಲು ಹತ್ತುವುದೂ ಆಗಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟರು. ಅಂದರೆ ಕೆಲಸ ಉಳಿಯಬೇಕಾದರೆ ಆಪರೇಷನ್ ಆಗಬೇಕು, ಆಪರೇಷನ್ ಆಗಬೇಕಾದರೆ ಕಾರ್ಡು ಬೇಕು, ಕಾರ್ಡು ಬೇಕಾದರೆ ಕೆಲಸ ಇರಬಾರದು. ನನಗೆ ಹೆದರಿಕೆಯಾಗಿದೆ, ಮಾನ್ಯರೇ. ಇದನ್ನು ಅವ್ವನ ಮುಂದೆ ಹೇಳಿಲ್ಲ, ತಮ್ಮ ಮುಂದೆ ಹೇಳುತ್ತಿದ್ದೇನೆ.

ಆದಕಾರಣ ತಾವು ದಯಮಾಡಿ ಮೊಳೆಯಿಂದ ಇಳಿದು ಕಚೇರಿಯವರೆಗೆ ನಡೆದು ಹೋಗಿ, ಸನ್ಮಾನ ಪತ್ರದಲ್ಲಿ ಬರೆದದ್ದನ್ನು ಬರೆಸಿಕೊಂಡವರೇ ನಂಬುವುದಿಲ್ಲವೆಂದು ಸಾಹೇಬರಿಗೆ ತಿಳಿಹೇಳಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಆ ಮೆಟ್ಟಿ ನಿಂತ ಕಾಲನ್ನಾದರೂ ದಿನಕ್ಕೆರಡು ಬಾರಿ, ಮೂರು ಮೆಟ್ಟಿಲಿನ ಮಟ್ಟಿಗೆ, ನನಗೆ ಕಡ ಕೊಡಬೇಕು. ಹೇಗೂ ಇಡೀ ಮನೆತನವನ್ನು ಸಲಹುವ ಶಕ್ತಿ ತಮ್ಮಲ್ಲಿದೆ. ಶನಿವಾರ ಜೋಳ ಬೀಸಿಸಿಕೊಂಡು ಬರುವುದನ್ನೂ ತಾವೇ ವಹಿಸಿಕೊಂಡರೆ ಉಪಕಾರವಾದೀತು. ತಮ್ಮ ಜೊತೆಗೇ ಬಂದ ಶಾಲನ್ನು ಒಮ್ಮೆ ನೋಡಿರಿ. ಅವ್ವ ಅದನ್ನು ಹೊದ್ದು ಮಲಗುತ್ತಾಳೆ, ಅದು ಬೆಚ್ಚಗಿಡುತ್ತದೆ, ಯಾವ ಕಚೇರಿಗೂ ಹೋಗಿ ಏನನ್ನೂ ಹೇಳಿಲ್ಲ.

ತಮ್ಮನ್ನು ತಾನೇ ಹೆತ್ತು, ತಾನೇ ಕೆಟ್ಟರೂ
ತಮ್ಮ ವಿಶ್ವಾಸಿ,
ಸಂಘಮಿತ್ರಾ

ತಾ.ಕ.: ನಿನ್ನೆ ಕಚೇರಿಗೆ ಹೋಗಿದ್ದೆ. ಹೊಸದಾಗಿ ಬಂದ ಗುಮಾಸ್ತರು ತಲೆ ಎತ್ತದೆಯೇ, ನನಗೆ ದುಡಿಯಲು ಆಗುವುದಿಲ್ಲವೆಂದು ಒಂದು ಅರ್ಜಿ ಕೊಡಲು ಹೇಳಿದರು. "ಎದುರಿನ ಝೆರಾಕ್ಸ್ ಅಂಗಡ್ಯಾಗ ಒಬ್ಬಾಕಿ ಕುಂಟಿ ಕುಂದರತಾಳ್ರಿ, ಭಾಳ ಚೊಲೊ ಬರೀತಾಳ. ಅಕಿ ಕಡೆ ಬರಿಸ್ಕೊಂಡ ಬರ್ರಿ." ಈ ವರ್ಷ ನನ್ನ ಕಾಲನ್ನು ಒಪ್ಪಿಕೊಂಡ ಕಚೇರಿಯ ಮೊದಲ ಮಾತು ಆ 'ಕುಂಟಿ'; ಆಕೆ ನಾನೇ, ಅಷ್ಟನ್ನೇ ಬರೆದುಕೊಡಿ ಎಂದು ಕೈಮುಗಿದೆ. ಅದನ್ನೂ ಆಕೆಯ ಕಡೆಯೇ ಟೈಪ್ ಮಾಡಿಸಿ ತಂದರೆ ಸಹಿ ಹಾಕುತ್ತೇನೆ ಎಂದರು. ಈಗ ಅದನ್ನೇ ಟೈಪ್ ಮಾಡುತ್ತಿದ್ದೇನೆ, ಈ ಸಲ ಹೊಗಳಿಕೆಯ ಒಂದು ಮಾತನ್ನೂ ಹಾಕಿಲ್ಲ.