ನರಿಗೆ ಯಾವ ಗುಂಡು?

ಒಂದು ಕಡೆ ಕೂತು ಅಭ್ಯಾಸ ಇಲ್ಲದವನ ಬದುಕಲ್ಲಿ ಇಂಥವು ಆಗ್ತಾನೇ ಇರುತ್ತವೆ, ಅವನೇನೂ ಹುಡುಕಿಕೊಂಡು ಹೋಗಬೇಕಿಲ್ಲ. ನಾನು ಏಳನೇ ಕ್ಲಾಸಿನ ಬೆಂಚಿನಿಂದ ಎದ್ದವನು ಆಮೇಲೆ ಎಲ್ಲೂ ಗಟ್ಟಿಯಾಗಿ ಕೂತಿಲ್ಲ. ಅರಸೀಕೆರೆ, ಬೆಂಗಳೂರು, ಮಸ್ಕತ್, ಅಲ್ಲಿಂದ ಮೆಲ್ಬರ್ನು. ಪಾಯಿಂಟ್ ಕುಕ್‌ನ ಹೊಸ ಹೊಸ ಮನೆಗಳಿಗೆ ಸೋಫಾ ಹೊತ್ತೆ. ಎಲ್ಲರೂ ಮಾರ್ಟ್‌ಗೇಜ್ ತಗೊಂಡು ಆ ಸೋಫಾ ಮೇಲೆ ಕೂತಿದ್ದು ನೋಡಿ ನೋಡಿ ನನಗೇ ಉಸಿರು ಕಟ್ಟಿದಂಗಾಗಿ ಸಿಡ್ನಿಗೆ ಬಂದುಬಿಟ್ಟೆ. ಕ್ವೇಕರ್ಸ್ ಹಿಲ್‌ನಲ್ಲಿ ಒಬ್ಬರು ಮಂಗಳೂರು ಆಂಟಿಯ ಮನೆ ಹಿಂದೆ ಒಂದು ರೂಮಲ್ಲಿ ರೆಂಟಿಗಿದ್ದೆ. ವಾರವೆಲ್ಲ ಡೆಲಿವರಿ ವ್ಯಾನು. ಶನಿವಾರ ಬಂತೆಂದರೆ ಕಾಲು ನಿಲ್ಲುತ್ತಿರಲಿಲ್ಲ.

ಆ ಕಾಲಿಗೆ ಸಿಕ್ಕಿದ್ದು ನರಿ ಬೇಟೆ. ಇಲ್ಲಿ ನರಿ ಅಂದರೆ ಪೀಡೆ, ಕುರಿಮರಿ ಹೊತ್ತೊಯ್ಯುತ್ತೆ, ಬಂದು ಹೊಡೀರಪ್ಪಾ ಅಂತ ರೈತರೇ ಕರೀತಾರೆ. ನನಗೆ ಈ ಹುಚ್ಚು ಹಿಡಿಸಿದವರು ಸಿಡ್ನಿಯದೇ ಇನ್ನೊಂದು ಬಡಾವಣೆ ಗಿರಾವೀನ್‌ನಲ್ಲಿದ್ದ ಮೈಸೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು. ಇಬ್ಬರೂ ಲೈಸನ್ಸ್ ಮಾಡಿಸಿದೆವು, ಒಂದೊಂದು ಕೋವಿ ತಗೊಂಡೆವು. ಬೆಟ್ಟ ದಾಟಿ ಪಶ್ಚಿಮಕ್ಕೆ ಹೋದರೆ ಒಬ್ಬ ಕುರಿ ಸಾಕುವ ಯಜಮಾನ, ವಯಸ್ಸಾದ ಬಿಳಿಯ, ನಮ್ಮನ್ನು ಜಮೀನಿಗೆ ಬಿಟ್ಟುಕೊಂಡ. ಆದರೆ ಮೊದಲ ದಿನವೇ ಗೇಟಿನಲ್ಲಿ ನಿಲ್ಲಿಸಿ ಹೇಳಿದ: "ಮರಿ ಹಾಕೋ ಕಾಲ ಶುರುವಾಗಿದೆ. ನಿಮ್ಮಿಂದ ನನ್ನ ಮರಿ ಉಳಿದರೆ ಸರಿ. ಇಲ್ಲಾಂದ್ರೆ ಮುಂದಿನ ವರ್ಷ ಬೇರೆಯವರಿಗೆ ಹೇಳ್ತೀನಿ."

ಬೇರೆಯವರಿಗೆ ಹೇಳಿದರೆ ನಮ್ಮ ಕಥೆ ಮುಗೀತು. ಬೇಟೆಗೆ ಅಂತ ಲೈಸನ್ಸ್ ತಗೊಂಡವನಿಗೆ, ಬಾ ಅನ್ನೋ ಜಮೀನು ಒಂದಾದರೂ ಇರಲೇಬೇಕು. ಅದು ಹೋದರೆ ಕೋವಿಯೂ ಹೋಗುತ್ತೆ. ಕೋವಿ ಹೋದರೆ ಶನಿವಾರ ಹೋಗುತ್ತೆ. ಶನಿವಾರವೂ ಇಲ್ಲದೆ ಆ ವ್ಯಾನಿನಲ್ಲಿ ಕೂರೋದು ನನ್ನ ಕೈಲಾಗದ ಮಾತು.

ತೂಕ ಜಾಸ್ತಿ, ರೇಟು ಒಂದೇ

ಗುಂಡು ತರೋಕೆ ಅಂಗಡಿಗೆ ಹೋದೆವು. ಅಂಗಡಿಯವ ಕೇಳಿದ, "ಏನು ಹೊಡೀತೀರಿ?"

"ನರಿ."

ಅವನು ಸಣ್ಣ ಗುಂಡುಗಳ ಡಬ್ಬಿ ತೆಗೆದಿಟ್ಟ. ತುದೀಲಿ ಪ್ಲಾಸ್ಟಿಕ್ ಮೂತಿ, ಹಗುರ. ಇದು ಜೋರಾಗಿ ಹೋಗುತ್ತೆ, ತಗುಲಿದ ಕೂಡಲೇ ಒಳಗೇ ಪುಡಿಯಾಗುತ್ತೆ, ಆಚೆ ಪಕ್ಕದ ಜಮೀನಿನ ಹಸುವಿನ ತನಕ ಹೋಗಲ್ಲ, ನರಿಗೆ ಇದೇ ಸರಿ ಅಂದ. ಅದರ ಪಕ್ಕದಲ್ಲೇ ಇನ್ನೊಂದು ಡಬ್ಬಿ ಇತ್ತು. ಅಷ್ಟೇ ಗುಂಡು, ಅದೇ ರೇಟು, ಕೈಯಲ್ಲಿ ಹಿಡಿದರೆ ಹೆಚ್ಚೂಕಡಿಮೆ ಎರಡರಷ್ಟು ತೂಕ.

ಎಂಜಿನಿಯರ್ ಎರಡನ್ನೂ ಎರಡು ಅಂಗೈಲಿಟ್ಟು ತೂಗಿ ನೋಡಿದರು. ನಾನೂ ತೂಗಿದೆ. ಸಂತೇಲಿ ಕುಂಬಳಕಾಯಿ ತಗೊಂಡು ಬೆಳೆದ ಕೈಗಳು.

"ಅದು ನಿಮ್ಮ ಕೋವಿಗೆ ಆಗಲ್ಲ" ಅಂದ ಅಂಗಡಿಯವ.

ಎಂಜಿನಿಯರ್ ಕನ್ನಡದಲ್ಲಿ ಪಿಸುಗುಟ್ಟಿದರು, "ಗುರು, ಖರ್ಚಾಗದ ಮಾಲು ತಳ್ತಾವ್ನೆ. ತೂಕದ್ದು ತಗೊಳ್ಳಿ."

ತಗೊಂಡೆವು. ಭಾನುವಾರ ಗುರಿ ಅಭ್ಯಾಸ ಮಾಡೋ ರೇಂಜಿಗೆ ಹೋಗಿ ಹಾರಿಸಿದೆವು. ಗುರಿಹಲಗೆಯ ಕಾಗದ ತಂದು ನೋಡಿದರೆ ಅದರಲ್ಲಿ ದುಂಡನೆಯ ತೂತು ಒಂದೂ ಇಲ್ಲ, ಎಲ್ಲ ಬೀಗದ ಕಣ್ಣಿನ ಥರ ಉದ್ದುದ್ದ. ಆಮೇಲೆ ತಿಳೀತು: ಕೊಳವೆಯೊಳಗೆ ಸುತ್ತು ಗೆರೆ ಇರುತ್ತೆ, ಅದು ಗುಂಡನ್ನು ಬುಗುರಿ ಥರ ತಿರುಗಿಸಿ ಬಿಡುತ್ತೆ. ನಮ್ಮ ಕೋವಿಯ ಗೆರೆ ಸಣ್ಣ ಗುಂಡಿಗೆ ಮಾಡಿದ್ದು. ಉದ್ದನೆಯ ತೂಕದ ಗುಂಡನ್ನು ಸರಿಯಾಗಿ ತಿರುಗಿಸೋ ಶಕ್ತಿ ಅದಕ್ಕಿಲ್ಲ, ಗುಂಡು ದಾರೀಲೇ ವಾಲಿ ಅಡ್ಡಡ್ಡ ಹೋಗಿ ಬಡಿಯುತ್ತೆ.

ರೇಂಜು ನೋಡಿಕೊಳ್ಳುವವನು ಆ ಕಾಗದವನ್ನು ಬಹಳ ಹೊತ್ತು ನೋಡಿದ. ಕೊನೆಗೆ ಹೇಳಿದ: "ಪಾಪ, ಗುಂಡಿಗೆ ದೂರ ಜಾಸ್ತಿಯಾಯ್ತು ಅಂತ ಕಾಣುತ್ತೆ. ಮಲಗಿಕೊಂಡು ಬಂದಿದೆ."

ಹುಣಸೆಹಣ್ಣಿನ ಹೊಳಪು

ಗುಂಡು ಮುಗಿದರೂ ಹಿತ್ತಾಳೆಯ ಖಾಲಿ ತೋಟೆ ಉಳಿಯುತ್ತಲ್ಲ, ಅದನ್ನು ಎಸೆಯೋ ಹಾಗಿಲ್ಲ. ಬುಡಕ್ಕೆ ಕಿಡಿ ಹಾರಿಸೋ ಹೊಸ ಕೇಪು ಕೂರಿಸಿ, ಒಳಗೆ ಮದ್ದು ತುಂಬಿ, ಬಾಯಿಗೆ ಹೊಸ ಗುಂಡು ಒತ್ತಿದರೆ ತೋಟೆ ಮತ್ತೆ ತಯಾರು. ಕೈಯಿಂದ ಕಟ್ಟಿದ ತೋಟೆಗೆ ಇಲ್ಲಿ ಬಲು ಮರ್ಯಾದೆ. ಆಂಟಿಯ ಗ್ಯಾರೇಜಿನ ಮೂಲೇಲಿ ಅದಕ್ಕೆ ಒಂದು ಮೇಜು ಹಾಕಿಕೊಂಡಿದ್ದೆ. ಕಪ್ಪಾದ ಖಾಲಿ ತೋಟೆ ಉಜ್ಜೋಕೆ ಒಂದು ಮೆಷಿನ್ ತರಬೇಕು ಅಂತ ಯೋಚಿಸ್ತಾ ಕೂತಿದ್ದಾಗ ಆಂಟಿ ಬಂದರು.

"ಎಂತದು ಮಾರಾಯ, ಹಿತ್ತಾಳೆ ತಿಕ್ಕಲಿಕ್ಕೆ ಮೆಷಿನ್ ಎಂತಕ್ಕೆ? ಹುಣಸೆಹುಳಿ ಇಲ್ವಾ?"

ಒಂದು ಮುದ್ದೆ ಹುಣಸೆಹಣ್ಣು ಅವರೇ ತಂದುಕೊಟ್ಟರು. ನೆನೆಸಿ, ಕಿವುಚಿ, ತೋಟೆಗಳನ್ನು ಅದರಲ್ಲಿ ಮುಳುಗಿಸಿ ತಿಕ್ಕಿದೆ. ತೊಳೆದು ಬಿಸಿಲಿಗಿಟ್ಟರೆ ಚಿನ್ನ. ಎಂಜಿನಿಯರ್ ನೋಡಿ, "ಗುರು, ಇದನ್ನ ಹಾರಿಸೋಕೆ ಮನಸ್ಸು ಬರಲ್ಲ, ಆರತಿ ತಟ್ಟೇಲಿ ಇಡೋ ಹಂಗಿದೆ" ಅಂದರು.

ಶನಿವಾರ ಸಂಜೆ, ಇನ್ನೂ ಬೆಳಕಿದ್ದಾಗಲೇ, ನರಿ ಬೇಲಿ ಹತ್ತಿರ ಬಂದು ನಿಂತಿತು. ಉಸಿರು ಹಿಡಿದು ಕೋವಿಯ ಕುದುರೆ ಎಳೆದೆ. ಟಿಕ್. ಅಷ್ಟೇ. ನರಿ ನನ್ನ ಕಡೆ ನೋಡಿತು. ಅವಸರವೇ ಇಲ್ಲದೆ, ಬಾಲ ಎಳಕೊಂಡು ಹೊರಟುಹೋಯಿತು.

ಕೋವಿಯ ಮೂತಿಯನ್ನು ಮಣ್ಣುದಿಬ್ಬದ ಕಡೆಗೇ ಹಿಡಿದು, ತಡವಾಗಿ ಸಿಡಿದೀತು ಅಂತ ಕಾದು, ಆಮೇಲೆ ತೋಟೆ ತೆಗೆದೆವು. ಮನೆಗೆ ತಂದು ಬಿಚ್ಚಿ ನೋಡಿದರೆ, ಕೇಪಿನ ಕಿಡಿ ಮದ್ದಿಗೆ ಹೋಗೋ ಸಣ್ಣ ತೂತಿನಲ್ಲಿ ಹುಣಸೆ ನಾರು ಗಟ್ಟಿಯಾಗಿ ಕೂತಿತ್ತು.

ಮರಿ ಉಳಿಸೋಕೆ ಹೋಗಿ ಹೀಗಾಯ್ತಲ್ಲ ಆಂಟಿ ಅಂತ ಆ ತೋಟೆ ಅವರ ಮುಂದೆ ಹಿಡಿದೆ. ಆಂಟಿ ಕನ್ನಡಕ ಹಾಕಿಕೊಂಡು ನೋಡಿ ಹೇಳಿದರು: "ಹುಳಿ ಸೋಸದೆ ಹಾಕಿದರೆ ಸಾರೇ ಆಗುವುದಿಲ್ಲ. ಗುಂಡು ಎಲ್ಲಿಂದ ಆಗ್ತದೆ?"

ಕೂರೋ ಕೆಲಸ

ಬುಧವಾರ ಯಜಮಾನನ ಫೋನು ಬಂತು, ಎರಡು ಮರಿ ಹೋಗಿವೆ ಅಂತ. "ಗುಂಡು ಯಾವುದಾದರೂ ಹಾಕಿ. ಒಂದು ಮರದ ಕೆಳಗೆ ಅಲ್ಲಾಡದೆ ಕೂರಿ. ಅದೇ ಬೇಟೆ."

ಅದೊಂದನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ಮಾಡ್ತಿದ್ದೆ. ತಗಡಿನ ಸೀಟಿ ಒಂದು ಕೊಟ್ಟಿದ್ದ, ಊದಿದರೆ ಮೊಲ ಕಿರುಚಿದಂಗೆ ಕೇಳುತ್ತೆ, ನರಿ ಬರುತ್ತೆ. ಶನಿವಾರ ಹೋಗಿ ಊದಿದೆ. ಒಂದು ಗಳಿಗೆ ಕಾದೆ. ಈ ಮರದ ಕೆಳಗಿಂದ ಹಳ್ಳ ಕಾಣ್ತಿಲ್ಲ ಅನ್ನಿಸಿತು. ಎದ್ದು ಇನ್ನೊಂದು ಮರಕ್ಕೆ ಹೋದೆ. ಅಲ್ಲಿ ಇರುವೆ. ಅಲ್ಲಿಂದ ಬಂಡೆ ಹಿಂದಕ್ಕೆ. ಬಂಡೆ ಹಿಂದೆ ಗಾಳಿ. ಎಂಜಿನಿಯರ್ ತಮ್ಮ ಜಾಗದಿಂದಲೇ ಕೂಗಿದರು:

"ಏನ್ ಗುರು, ಮರಗಳ ಜನಗಣತೀನಾ?"

"ನೀವು ಕೂಗ್ಬೇಡಿ ಸ್ವಾಮಿ, ನರಿ ಕೇಳಿಸ್ಕೊಳುತ್ತೆ."

"ನೀವು ಓಡಾಡೋದು ನಿಲ್ಲಿಸಿ, ನಾನು ಕೂಗೋದು ನಿಲ್ಲಿಸ್ತೀನಿ."

ಕೂಗಾಡಿ ಹಸಿವಾಗಿ ಇಬ್ಬರೂ ಸೇರಿ ಪುಳಿಯೋಗರೆ ಡಬ್ಬಿ ಬಿಚ್ಚಿದೆವು. ಇಂಗಿನ ಘಮ ಗಾಳಿ ಹಿಡಿದು ಇಡೀ ಕಣಿವೆಗೆ ಹೋಯಿತು. ಸಂಜೆ ಮನೆ ಹತ್ತಿರ ಬಂದಾಗ ಯಜಮಾನ ಜಗಲೀಲಿ ಕೂತಿದ್ದ, ಪಕ್ಕದಲ್ಲಿ ಅವನ ಮುದಿ ನಾಯಿ.

"ಇಲ್ಲಿಂದಲೇ ನೀವಿಬ್ಬರೂ ಕಾಣ್ತಿದ್ರಿ" ಅಂದ. ನಾಯಿಯ ತಲೆ ಸವರಿದ. "ಇದಕ್ಕೂ ಕಾಣ್ತಿದ್ರಿ. ಇದಕ್ಕೆ ಕಣ್ಣು ಹೋಗಿ ಬಹಳ ದಿನ ಆಯ್ತು."

ಟೆಸ್ಟ್ ಬ್ಯಾಚು

ಇನ್ನು ನನ್ನನ್ನು ನಂಬಿದರೆ ಆಗಲ್ಲ ಅಂತ ಎಂಜಿನಿಯರ್ ತಾವೇ ತೋಟೆ ಕಟ್ಟೋಕೆ ಕೂತರು. ಈ ಸಲ ಅಂಗಡಿಯವ ಹೇಳಿದ್ದೇ ಹಗುರ ಗುಂಡು. ಪುಸ್ತಕದಲ್ಲಿ ಬರೆದ ಹಾಗೇ ಮದ್ದು ಅಳೆದರು, ಖಾಲಿ ತೋಟೆಗಳನ್ನೂ ಒಂದೊಂದಾಗಿ ತೂಗಿ ಬೇರೆ ಬೇರೆ ಮಾಡಿದರು. ಆಫೀಸಿನಲ್ಲಿ ಮಾಡೋ ಕೆಲಸವೇ, ಮಾತೂ ಅದೇ. "ಇದು ಮೊದಲನೇ ವರ್ಶನ್. ರೇಂಜಲ್ಲಿ ಟೆಸ್ಟ್ ಮಾಡಿ, ಬಗ್ ಇದ್ದರೆ ಸರಿಮಾಡಿ, ಆಮೇಲೆ ಪ್ರೊಡಕ್ಷನ್ನಿಗೆ ರಿಲೀಸ್." ಮೂರನೇ ವರ್ಶನ್ನಿಗೆ ಗುರಿಹಲಗೆಯ ಮೇಲಿನ ತೂತುಗಳೆಲ್ಲ ಒಂದರ ಮೇಲೊಂದು ಬಿದ್ದವು. ನಾನು ಕಣ್ಣಾರೆ ಕಂಡೆ.

ಮರಿ ಹಾಕೋ ಕಾಲ ಮುಗೀತಾ ಬಂದಿತ್ತು. ಬೆಳಿಗ್ಗೆ ಮಂಜು ಕರಗೋ ಹೊತ್ತು. ಅವತ್ತು ಎಂಜಿನಿಯರ್ ನನ್ನ ಕೋವಿ ಮನೇಲೇ ಬಿಡಿಸಿದ್ದರು, ನನ್ನ ಕೈಲಿದ್ದದ್ದು ಬರೀ ಬೈನಾಕ್ಯುಲರ್. ಅದೇ ನರಿ, ಬಯಲಿನಲ್ಲಿ ಬಂದು ಕೂತಿತು. ಕೂತು ಕಿವಿ ಕೆರಕೊಂಡಿತು. ಹಿಂದೆ ಖಾಲಿ ದಿಬ್ಬ, ಹೊಡೆಯೋಕೆ ಅದಕ್ಕಿಂತ ಒಳ್ಳೆ ಜಾಗ ಬೇರೆ ಇಲ್ಲ. ಎಂಜಿನಿಯರ್ ಮಲಗಿ ಗುರಿ ಹಿಡಿದರು. ಕಾದೆ. ಕಾದೆ.

"ಹೊಡೀರಿ ಸ್ವಾಮಿ."

ಅವರು ತಲೆ ಎತ್ತಿದರು. ಪಕ್ಕದಲ್ಲಿದ್ದ ತೋಟೆ ಡಬ್ಬಿ ಎತ್ತಿ ಅದರ ಮೇಲಿನ ಚೀಟಿ ಓದಿದರು.

"ಏನಾಯ್ತು?"

"ಡಬ್ಬಿ ಬದಲಾಗಿದೆ ಗುರು."

"ಬದಲಾದರೇನಂತೆ? ಇದೂ ಗುಂಡೇ ತಾನೆ?"

"ಗುಂಡೇ. ಹಾರುತ್ತೆ, ತಗುಲುತ್ತೆ, ಎಲ್ಲಾ ಸರಿ."

"ಮತ್ತೆ ಹೊಡೀರಿ."

"ಹೆಂಗ್ರೀ ಹೊಡೀಲಿ? ಇದು ಟೆಸ್ಟ್ ಬ್ಯಾಚು. ಪ್ರೊಡಕ್ಷನ್ ಬ್ಯಾಚು ಗಿರಾವೀನಲ್ಲಿದೆ."

ಯಾವ ಲೋಡು?

ಕಾಲ ಮುಗಿದ ಮೇಲಿನ ಶನಿವಾರ ಲೆಕ್ಕ ಒಪ್ಪಿಸೋಕೆ ಹೋದೆವು. ಜಮೀನು ಹೋದರೆ ಮುಂದೆ ಯಾವ ಊರಿಗೆ ಹೋಗೋದು ಅಂತ ನಾನು ಆಗಲೇ ಮನಸ್ಸಲ್ಲಿ ಮೂಟೆ ಕಟ್ಟುತ್ತಿದ್ದೆ. ಪರ್ತ್‌ಗೆ ಹೋದರೆ ಹೆಂಗೆ ಅಂತಲೂ ಬಂತು.

ಗೇಟಲ್ಲಿ ಯಜಮಾನ ನಿಂತಿದ್ದ, ಜೊತೆಗೆ ಬೇಲಿಯಾಚೆ ಜಮೀನಿನ ರೈತ. ನಾನು ವ್ಯಾನಿನ ಹಿಂಬಾಗಿಲಿಗೆ ಕೈ ಹಾಕಿದ್ದೇ ತಡ, ಯಜಮಾನ ಹೇಳಿದ, "ಕೋವಿ ಇಳಿಸಬೇಡ."

ಮುಗೀತು ಅಂದುಕೊಂಡೆ.

"ನಾನು ಇಡೀ ಕಾಲ ಗಮನಿಸಿದೆ" ಅಂದ. "ಮರಿ ಹೋಗಿದ್ದೆಲ್ಲ ವಾರದ ಮಧ್ಯೆ. ನೀವಿದ್ದ ಶನಿವಾರ ಭಾನುವಾರ ಒಂದೂ ಹೋಗಿಲ್ಲ. ನರಿ ಬರುತ್ತೆ, ನಿಮ್ಮನ್ನ ನೋಡುತ್ತೆ, ಕೂಗಾಟ ಕೇಳುತ್ತೆ, ಆ ಊಟದ ವಾಸನೆ ಕುಡಿಯುತ್ತೆ, ವಾಪಸ್ ಹೋಗುತ್ತೆ. ಮುಂದಿನ ವರ್ಷ ರಜೆ ಹಾಕಿ ಪೂರ್ತಿ ಬಂದುಬಿಡಿ. ಕುರಿ ಉಣ್ಣೆ ಕತ್ತರಿಸೋರ ಶೆಡ್ಡಲ್ಲಿ ಮಂಚ ಇದೆ."

ಎಂಜಿನಿಯರ್ ನನ್ನ ಕಿವೀಲಿ, "ಗುರು, ಅಂದ್ರೆ ನಾವು ಬೆರ್ಚಪ್ಪಗಳಾ?" ಅಂದರು.

"ಸುಮ್ನಿರಿ ಸ್ವಾಮಿ, ಜಮೀನು ಉಳೀತು."

ಪಕ್ಕದ ರೈತನಿಗೆ ಈ ಕಥೆಯ ಅರ್ಧ ಮಾತ್ರ ಗೊತ್ತಿತ್ತು ಅಂತ ಕಾಣುತ್ತೆ. ಟೋಪಿ ಹಿಂದಕ್ಕೆ ಸರಿಸಿ, ಬಹಳ ಗೌರವದಿಂದ ನಮ್ಮ ಹತ್ತಿರ ಬಂದ. "ನನ್ನ ಕಡೆ ಏನು ಹಾಕಿದರೂ ನರಿ ಹೆದರಲ್ಲ. ನಿಮ್ಮದು ಯಾವ ಲೋಡು? ಮದ್ದು ಎಷ್ಟು, ಗುಂಡು ಎಷ್ಟು ತೂಕದ್ದು?"

ಎಂಜಿನಿಯರ್ ಗಂಟಲು ಸರಿಮಾಡಿಕೊಂಡರು. ಮೂರು ವರ್ಶನ್ನೂ ಹೇಳೋಕೆ ಬಾಯಿ ತೆರೆದಿದ್ದರು. ಅಷ್ಟರಲ್ಲಿ ಯಜಮಾನನೇ ಅಡ್ಡ ಬಂದ:

"ಅವರನ್ನ ಕೇಳಬೇಡ. ಎಂಥ ಗುಂಡೋ ಏನೋ, ಕೆಲಸವಂತೂ ಬಹಳ ಚೆನ್ನಾಗಿ ಮಾಡುತ್ತೆ. ನನ್ನ ಜಮೀನಲ್ಲಿ ಇನ್ನೂ ಒಂದೂ ಹಾರಿಲ್ಲ."