ಆಕಿ ನೆಟ್ಟ ಕರಕಿ

ಹುಲ್ಲು ಕಾಯೋ ಕೆಲಸದಾಗ ನಗೋದು ಏನೈತಿ ಅಂತ ಮಂದಿ ಕೇಳ್ತಾರ. ದಿನಾ ಒಂದಿಲ್ಲೊಂದು ಆಗ್ತಿರ್ತೈತಿ. ಸಂಜಿಗೆ ಗಂಡ ಹೆಂಡತಿ ಇಬ್ಬರೂ ನೆನಸಿ ನಗ್ತಿದ್ದೆವು. ಹೋದ ವರ್ಷ ಆಕಿ ತೀರಿಕೊಂಡಳು. ಒಬ್ಬನ ಕೂತು ನಗಾಕ ಬರಂಗಿಲ್ಲ. ಅದಕ್ಕ ಬರಿಯಾಕತ್ತೇನಿ.

೧. ಮೊದಲ ದಿನ

ನಾನು ಜೇವರ್ಗಿ ಹೊರಗಿನ ಒಂದು ಅತಿಥಿ ಬಂಗಲೆಯ ಮಾಲಿ. ಹೆಂಡತಿ ಅಂದೋಲಾ ಅನ್ನೋ ಹಳ್ಳಿಯಾಕಿ. ಬುದ್ಧಿ ಬಂದಾಗಿಂದ ಹೊಲದಾಗ ಕರಕಿ ಹುಲ್ಲು ಕಿತ್ತಕೋತ ಬಂದಾಕಿ. ತೊಗರಿ ಸಾಲಿನಾಗ ಕರಕಿ ಕಂಡ್ರ ಆಕಿಗೆ ಎಲ್ಲಿಲ್ಲದ ಸಿಟ್ಟು.

ಆಕಿಗೂ ಬಂಗಲೆಯಾಗ ಕೆಲಸ ಸಿಕ್ತು. ಮೊದಲ ದಿನ ನಾನು ನೀರಿನ ಪೈಪು ತರಾಕ ಹೋಗಿದ್ದೆ. ಬಂದು ನೋಡ್ತೇನಿ, ಅರ್ಧ ಲಾನ್ ಇಲ್ಲ. ಬರೇ ಕರಿಮಣ್ಣು. ಬಂಗಲೆ ಸಾಹೇಬ್ರು ತಲಿ ಹಿಡಕೊಂಡು ನಿಂತಾರ.

"ಏನ್ ಮಾಡಿದಿ ಬೇ?" ಅಂದೆ.

"ಇಷ್ಟು ಕರಕಿ ಬೆಳಿಸೀರಲ್ಲ, ನಾಚಿಕಿ ಬರಂಗಿಲ್ಲೇನ್ರಿ? ಬೇರ ಸಮೇತ ತಗದೇನಿ. ಉಳಿದದ್ದು ನಾಳೆ."

ಆಮ್ಯಾಗ ಕಡ್ಡಿ ಕಡ್ಡಿ ಹೊಳ್ಳಿ ತಾನ ನೆಟ್ಟಳು. ಕರಕಿಗೆ ಬೈಕೋತನ.

೨. ಗಡಿಗಿ

ಹುಲ್ಲಿಗೆ ಹುಳ ಬಿದ್ರ ಆಕಿ ಅಂಗಡಿ ವಿಷ ತರಗೊಡ್ತಿರಲಿಲ್ಲ. "ಮುಂಜಾನೆ ಬರಿಗಾಲಿಲೆ ಅಡ್ಡಾಡಾಕಿ ನಾನು. ನಾ ಇರಲಿ ಬಿಡಲಿ, ಇದಕ್ಕ ವಿಷ ಹೊಡೀಬ್ಯಾಡ್ರಿ" ಅಂತಿದ್ದಳು. ಬೇವಿನಬೀಜ, ಹಸಿ ಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟಿ ಗಡಿಗ್ಯಾಗ ಕುದಸ್ತಿದ್ದಳು. ಸೋಸಿ, ನೀರು ಬೆರಸಿ, ಹುಲ್ಲಿಗೆ ಹೊಡೀತಿದ್ದೆವು.

ಒಮ್ಮೆ ಬಂಗಲೆಗೆ ಬಂದ ಅತಿಥಿ ವಾಸನಿ ಹಿಡಿದು ಹಿತ್ತಲಕ್ಕ ಬಂದ್ರು.

"ಖಾರ ಭಾಳ ಹಾಕಬ್ಯಾಡಬೇ. ಹೊಟ್ಟಿ ತಡಿಯಂಗಿಲ್ಲ."

ಆಕಿ ತಿರುಗಿ ಸೈತ ನೋಡಲಿಲ್ಲ. "ತಡೀಬಾರದು ಅಂತನ ಹಾಕಾಕತ್ತೇನ್ರಿ."

ಅವತ್ತು ಆ ಅತಿಥಿ ಉಪವಾಸ ಅಂದ್ರು.

೩. ಸೀನು

ಆಕಿ ಹೋದ ಮ್ಯಾಗ ಮೊದಲ ಮಳಿ ಆದಾಗ ಹುಳ ಬಿದ್ದವು. ಆಕಿ ನೆಟ್ಟ ಹುಲ್ಲು ಅಲ್ಲಲ್ಲಿ ಬೋಳಾಗಾಕತ್ತಿತು. "ಸೋಮವಾರ ತನಕ ನೋಡ್ತೇನಿ. ಆಮ್ಯಾಗ ವಿಷನ" ಅಂದ್ರು ಸಾಹೇಬ್ರು.

ಗಡಿಗಿ ಇಟ್ಟೆ. ಅಳತಿ ಗೊತ್ತಿಲ್ಲ. ಆಕಿ ಬಗ್ಗಿ ಮೂಸಿ ನೋಡಾಕಿ. ಮೂರು ಸೀನು ಬಂದ್ರ ಹದ. ನನಗ ಸೀನ ಬರಂಗಿಲ್ಲ. ನಶ್ಯ ಏರಿಸಿ ಏರಿಸಿ ಸತ್ತ ಮೂಗು. ಎರಡು ಸಲ ಕುದಿಸಿ ಹೊಡದೆ. ಹುಳ ಮತ್ತಷ್ಟು ದಪ್ಪ ಆದವು.

ಮೂರನೇ ಸಲ ಕುದಿಸಾಕತ್ತಿದ್ದೆ. ಸೋಮವಾರ. ಸಾಹೇಬ್ರು ವಿಷದ ಬಾಟ್ಲಿ ಹಿಡಕೊಂಡ ಬಂದ್ರು.

"ಏನೋ ಇದು?" ಅಂತ ಗಡಿಗಿಗೆ ಬಗ್ಗಿದ್ರು. ಸೀನಿದ್ರು.

"ನೂರು ವರ್ಷ ಬಾಳಬೇ" ಅಂದೆ.

ಅಂದ ಮ್ಯಾಗ ಗೊತ್ತಾತು, ಹೆಂಗಸರಿಗೆ ಅನ್ನೋ 'ಬೇ' ಸಾಹೇಬ್ರಿಗೆ ಅಂದಿದ್ದೆ. ಆಕಿ ಸೀನಿದಾಗೆಲ್ಲ ಹಂಗ ಅಂತಿದ್ದೆ. ನಾಲಗಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಸಾಹೇಬ್ರು ಮೀಸಿ ಮುಟ್ಟಿ ನೋಡಿಕೊಂಡ್ರು. "ಯಾರಿಗೋ ಅಂದಿ?"

ನಾನು ಹುಲ್ಲು ನೋಡಿದೆ. ಮೂರು ಸೀನಿನ ಮಾತು ಹೇಳಿದೆ. ಆಕಿ ವಿಷ ಬ್ಯಾಡ ಅಂದದ್ದೂ ಹೇಳಿದೆ.

ಅವರು ಬಾಟ್ಲಿ ಕೆಳಗಿಟ್ಟರು. ಹೊಳ್ಳಿ ಬಗ್ಗಿ ಸೀನಿದ್ರು. ಮೂಗು ಕೆಂಪಾತು, ಕಣ್ಣಾಗ ನೀರು ಬಂತು. ಮತ್ತ ಬಗ್ಗಿದ್ರು. ಭಾಳ ಹೊತ್ತು ಬಗ್ಗೇ ಇದ್ರು.

"ಮೂರನೇದು ಬರವಲ್ದಲ್ಲೋ," ಅಂದ್ರು. "ಇನ್ನೊಂದು ಹಿಡಿ ಮೆಣಸಿನಕಾಯಿ ಹಾಕು."